ಯಾರೂ ಪಾಠ ಮಾಡದ ಸಿಲಬಸ್

ಪದವಿ ಕಾಲೇಜು ಅಧ್ಯಾಪಕರ ತರಬೇತಿ ಶಿಬಿರವೊಂದರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ.

ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ. ಬಿ.ಎಸ್ಸಿ. ಎರಡನೇ ಸೆಮಿಸ್ಟರ್ ಪ್ರಾಕ್ಟಿಕಲ್ ಪರೀಕ್ಷೆ. ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ, ನಡೆಯುತ್ತಿತ್ತು. ಒಬ್ಬ ಹುಡುಗ ಬಂದು ನಿಂತ. "ಟೈಟ್ರೇಷನ್ ಬಗ್ಗೆ ಏನಾದ್ರೂ ಹೇಳೋಕೆ ಬರುತ್ತೇನಪ್ಪಾ?" ಅಂತ ಕೇಳಿದೆ. ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು, ಬಣ್ಣ ಬದಲಾಗುವ ಹಂತ ನೋಡಿ ಅಳತೆ ಮಾಡುವ ಪ್ರಯೋಗ ಅದು. "ಬರುತ್ತೆ ಮೇಡಂ" ಅಂದ. ಅಷ್ಟೇ. ನಾನು ಕಾದೆ. ಅವನೂ ಕಾದ. ಅವನ ಕಣ್ಣು ನನ್ನ ಮೇಲಿರಲಿಲ್ಲ, ನನ್ನ ತಲೆಯ ಹಿಂದೆ ಗೋಡೆಗೆ ತೂಗುಹಾಕಿದ್ದ ಆವರ್ತಕ ಕೋಷ್ಟಕದ ಮೇಲಿತ್ತು. ಎಕ್ಸ್‌ಟರ್ನಲ್ ಪರೀಕ್ಷಕರಾಗಿ ಬಂದಿದ್ದವರು ಬಾಯಿಗೆ ಕರ್ಚೀಫ್ ಅಡ್ಡ ಹಿಡಿದು ನಕ್ಕರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಕೊಬ್ಬು ಅಂದುಕೊಂಡೆ. ಹತ್ತಕ್ಕೆ ಮೂರು ಹಾಕಿದೆ.

ಅದೇ ಹುಡುಗ ಫೈನಲ್ ಇಯರ್‌ಗೆ ಬಂದ. ಒಂದು ದಿನ ಲ್ಯಾಬ್‌ನಲ್ಲಿ ಬ್ಯೂರೆಟ್ ತೊಳೆಯುತ್ತಾ ನಿಂತಿದ್ದ. ನಾನು ಸುಮ್ನೆ ಮಾತಿಗೆ, "ಎಂಡ್ ಪಾಯಿಂಟ್‌ನಲ್ಲಿ ಬಣ್ಣ ಯಾಕೆ ಬದಲಾಗುತ್ತೆ, ಹೇಳು" ಅಂದೆ. ಶುರು ಮಾಡಿದ ನೋಡಿ. ಇಂಡಿಕೇಟರ್ ತಾನೇ ಒಂದು ದುರ್ಬಲ ಆಮ್ಲ ಅನ್ನುವುದರಿಂದ ಹಿಡಿದು, ಅದಕ್ಕೆ ಎರಡು ರೂಪ ಇರುವುದು, ಫಿನಾಲ್ಫ್ತಲೀನ್ ಎಲ್ಲಿ ಕೆಲಸಕ್ಕೆ ಬರುತ್ತೆ, ಮಿಥೈಲ್ ಆರೆಂಜ್ ಎಲ್ಲಿ ಬೇಕು, ಹತ್ತು ನಿಮಿಷ ಉಸಿರು ಬಿಡದೆ ಹೇಳಿದ. ನನಗೆ ಆಗ ಹೊಳೆಯಿತು. ಅವತ್ತು ನಾನು ಕೇಳಿದ್ದು "ಹೇಳೋಕೆ ಬರುತ್ತಾ" ಅಂತ. ಬರುತ್ತೆ ಅಂತ ಸರಿಯಾಗೇ ಉತ್ತರ ಕೊಟ್ಟಿದ್ದ. "ಹೇಳು" ಅಂತ ನಾನು ಹೇಳಿರಲೇ ಇಲ್ಲ.

ಅವನಿಗೆ ಆಟಿಸಂ ಇದೆ, ಅಂದರೆ ಮಾತು, ಸದ್ದು, ಜನರ ಇಂಗಿತ ಇವನ್ನೆಲ್ಲ ಅವನ ಮಿದುಳು ಬೇರೆ ಥರ ಗ್ರಹಿಸುತ್ತೆ ಅಂತ ಮನೆಯವರಿಗೆ ಗೊತ್ತಾದಾಗ ಅವನಿಗೆ 20 ವರ್ಷ. ಅಲ್ಲಿಯವರೆಗೆ ಅವನು ಎಲ್ಲರಿಗೂ "ಒಂಥರಾ ಹುಡುಗ". ಆ ಮೂರು ಮಾರ್ಕ್ಸ್ ಇವತ್ತಿಗೂ ಅವನ ಮಾರ್ಕ್ಸ್ ಕಾರ್ಡ್‌ನಲ್ಲಿ ಸೇರಿಕೊಂಡಿದೆ. ಅದನ್ನು ತೆಗೆಯೋಕೆ ನನ್ನಿಂದ ಆಗಲಿಲ್ಲ.

ಕಾಲೇಜಿನಲ್ಲಿ ಎರಡು ಸಿಲಬಸ್ ಇರುತ್ತೆ. ಒಂದನ್ನು ವಿಶ್ವವಿದ್ಯಾಲಯ ಅಚ್ಚು ಮಾಡಿ ಕೊಡುತ್ತೆ. ಇನ್ನೊಂದನ್ನು ಯಾರೂ ಬರೆದಿಲ್ಲ, ಯಾರೂ ಪಾಠ ಮಾಡುವುದಿಲ್ಲ. ಪರೀಕ್ಷೆ ಮಾತ್ರ ದಿನಾ ನಡೆಯುತ್ತೆ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕಾಯಬೇಕಾ, ಒಳಗೆ ಬಂದು ಮಾತಾಡಿಸಬೇಕಾ? ಮೇಷ್ಟ್ರು "ಆಮೇಲೆ ಬಾ" ಅಂದರೆ ಅದು ಅರ್ಧ ಗಂಟೆಯಾ, ನಾಳೆಯಾ, ಬರಲೇಬೇಡ ಅಂತಾನಾ? "ಚೆನ್ನಾಗಿ ಬರ್ಕೊಂಡ್ ಬಾ" ಅಂದರೆ ಎಷ್ಟು ಪುಟ? ಪ್ರಿನ್ಸಿಪಾಲರು "ನೋಡೋಣ" ಅಂದರೆ ಆಗುವುದಿಲ್ಲ ಅಂತ ಅರ್ಥ ಎಂದು ನಮಗೆಲ್ಲ ಗೊತ್ತು. ಯಾರು ಹೇಳಿಕೊಟ್ಟರು ನಮಗೆ? ನಮ್ಮ ಕನ್ನಡವೇ ಹೀಗೆ ಅಲ್ವಾ. ಹೊರಡುವಾಗ "ಬರ್ತೀನಿ" ಅನ್ನುತ್ತೇವೆ. ಉತ್ತರವೇ ಬೇಡದಿದ್ದರೂ "ಊಟ ಆಯ್ತಾ" ಅಂತ ಕೇಳುತ್ತೇವೆ. ಆ ಹುಡುಗ ನನಗೆ ಒಂದು ಸಲ ಊಟಕ್ಕೆ ಏನೇನು ತಿಂದೆ, ಎಷ್ಟು ಗಂಟೆಗೆ ತಿಂದೆ ಅಂತ ಪೂರ್ತಿ ಹೇಳಿದ್ದಾನೆ. ಕೇಳಿದವಳು ನಾನೇ ತಾನೇ.

ಬಹಳಷ್ಟು ಮಕ್ಕಳು ಈ ಎರಡನೇ ಸಿಲಬಸ್ಸನ್ನು ಗಾಳಿಯಲ್ಲೇ ಕಲಿತುಬಿಡುತ್ತಾರೆ. ಕೆಲವರಿಗೆ ಅದು ಬರುವುದಿಲ್ಲ. ಅಚ್ಚಾದ ಸಿಲಬಸ್‌ನಲ್ಲಿ ಚೆನ್ನಾಗಿರುವವರೂ ಇದರಲ್ಲಿ ಎಡವುತ್ತಾರೆ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ. ನಮ್ಮ ಕೈಯಲ್ಲಿ ಆಸ್ಪತ್ರೆ ಇಲ್ಲ, ಹೆಚ್ಚಿನ ದುಡ್ಡಿಲ್ಲ. ಹೇಳದೆ ಬಿಟ್ಟಿದ್ದನ್ನು ಹೇಳುವುದು, ಬರೆಯದೆ ಬಿಟ್ಟಿದ್ದನ್ನು ಬರೆದು ಹಾಕುವುದು, ಇದಂತೂ ನಾಳೆ ಬೆಳಿಗ್ಗೆಯಿಂದಲೇ ಆಗುತ್ತೆ.

ನ್ಯೂರೋಡೈವರ್ಸಿಟಿ ಅನ್ನುವ ಪದ ಕೇಳಿರುತ್ತೀರಿ. ಎಲ್ಲರ ಮಿದುಳೂ ಒಂದೇ ಥರ ಕೆಲಸ ಮಾಡುವುದಿಲ್ಲ ಅನ್ನುವುದು ಅದರ ಅರ್ಥ. ನರವೈವಿಧ್ಯ ಅಂತಲೂ ಕೆಲವರು ಬರೆಯುತ್ತಾರೆ. ನನಗೆ ಆ ಪದ ಅಷ್ಟು ಹಿಡಿಸಿಲ್ಲ. ಕೇಳಿದ ಕೂಡಲೇ ನರರೋಗದ ವಾರ್ಡ್ ನೆನಪಾಗುತ್ತೆ. ಒಳ್ಳೆಯ ಪದ ಸಿಗುವವರೆಗೆ ಇಂಗ್ಲಿಷಿನದೇ ಇರಲಿ. 1990ರ ದಶಕದಲ್ಲಿ ಇಂಟರ್ನೆಟ್ ಆಗಷ್ಟೇ ಹರಡುತ್ತಿತ್ತು. ಆಟಿಸಂ ಇರುವ ಜನ ಈಮೇಲ್ ಗುಂಪುಗಳಲ್ಲಿ ಒಬ್ಬರಿಗೊಬ್ಬರು ಸಿಕ್ಕರು. ಅಲ್ಲಿ ಎದುರಿನವರ ಮುಖ ನೋಡಿ ಮಾತಾಡುವ ಕಷ್ಟ ಇಲ್ಲ, ಯೋಚಿಸಿ ಬರೆಯಬಹುದು. ನಮ್ಮ ತಲೆ ಕೆಟ್ಟಿಲ್ಲ, ಬೇರೆ ಥರ ಇದೆ ಅಷ್ಟೇ ಅನ್ನುವ ಮಾತು ಅಲ್ಲಿ ಬೆಳೆಯಿತು. 1998ರಲ್ಲಿ ಆಸ್ಟ್ರೇಲಿಯಾದ ಜೂಡಿ ಸಿಂಗರ್ ತಮ್ಮ ಪ್ರಬಂಧದಲ್ಲಿ, ಅದೇ ವರ್ಷ ಅಮೆರಿಕದ ಪತ್ರಕರ್ತ ಹಾರ್ವೆ ಬ್ಲೂಮ್ ಒಂದು ಲೇಖನದಲ್ಲಿ ಈ ಪದ ಬಳಸಿದರು. ಪದ ಮೊದಲು ಯಾರದ್ದು ಅನ್ನುವ ತಕರಾರು ಇನ್ನೂ ಮುಗಿದಿಲ್ಲ. ಅದು ಅವರಿಗೇ ಇರಲಿ. ಆಟಿಸಂ, ಗಮನ ಒಂದು ಕಡೆ ನಿಲ್ಲದ ಎಡಿಎಚ್‌ಡಿ, ಓದಲು ಕಷ್ಟವಾಗುವ ಡಿಸ್ಲೆಕ್ಸಿಯಾ, ಬರೆಯಲು ಕಷ್ಟವಾಗುವ ಡಿಸ್‌ಗ್ರಾಫಿಯಾ, ಲೆಕ್ಕ ಕೈಕೊಡುವ ಡಿಸ್ಕ್ಯಾಲ್ಕುಲಿಯಾ, ಇವೆಲ್ಲ ಆ ಒಂದೇ ಕೊಡೆಯ ಕೆಳಗೆ ಬರುತ್ತವೆ.

ನಮ್ಮ ಕೋಲಾರ, ತುಮಕೂರು ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಾರೆ. ಅವರೆ, ಹುಚ್ಚೆಳ್ಳು, ಜೋಳ, ಹರಳು. ರಾಗಿ ಕೊಯ್ಯುವ ಹೊತ್ತಿಗೆ ಅವರೆ ಇನ್ನೂ ಹೂವು ಕಾಯಿ ಅನ್ನುತ್ತಾ ಇರುತ್ತೆ. ಅವರೆಯನ್ನು ಯಾವ ರೈತನೂ ಫೇಲ್ ಮಾಡುವುದಿಲ್ಲ. ಹೋಲಿಕೆ ಇಷ್ಟಕ್ಕೇ ಸಾಕು, ಮನುಷ್ಯರು ಬೆಳೆಯಲ್ಲ. ಇನ್ನೊಂದು ಕಡೆಯ ಅತಿಯೂ ಇದೆ. ಆಟಿಸಂ ಇದ್ದರೆ ಜೀನಿಯಸ್, ಡಿಸ್ಲೆಕ್ಸಿಯಾ ಒಂದು ವರ ಅಂತೆಲ್ಲ ಭಾಷಣ ಬಿಗಿಯುತ್ತಾರೆ. ದಿನಾ ಬಸ್ ಸ್ಟ್ಯಾಂಡಿನ ಸದ್ದಿಗೆ ತಲೆ ಸಿಡಿದು ವಾಂತಿ ಮಾಡಿಕೊಳ್ಳುವ ಹುಡುಗಿಯ ಹತ್ತಿರ ಹೋಗಿ ಇದು ವರ ಅಂತ ಹೇಳಿ ನೋಡಿ. ಜೀನಿಯಸ್ ಆಗದ ಮಕ್ಕಳೇ ಜಾಸ್ತಿ. ಅವರಿಗೂ ಡಿಗ್ರಿ ಬೇಕು, ಕೆಲಸ ಬೇಕು.

ಒಂದು ಹಳೇ ಕಥೆ ಹೇಳುತ್ತೇನೆ. 1896. ಇಂಗ್ಲೆಂಡಿನ ಸೀಫರ್ಡ್ ಅನ್ನುವ ಊರಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ಹುಡುಗನ ಬಗ್ಗೆ ಬರೆದರು. ಹುಡುಗನ ಹೆಸರು ಪರ್ಸಿ, ವಯಸ್ಸು 14. ಚುರುಕು, ಆಟದಲ್ಲಿ ಯಾರಿಗೂ ಕಮ್ಮಿ ಇಲ್ಲ. ಆದರೆ ಓದೋಕೆ ಆಗುತ್ತಿರಲಿಲ್ಲ. ತನ್ನ ಹೆಸರನ್ನೇ ಪರ್ಸಿ ಬದಲು ಪ್ರೆಸಿ ಅಂತ ಬರೆಯುತ್ತಿದ್ದ. ಅಂಥವನು 749ನ್ನು 867ರಿಂದ ಬೇಗ ಗುಣಿಸಿ ಸರಿಯಾದ ಉತ್ತರ ಕೊಟ್ಟ. ಬೇಕಾದರೆ ನೀವೂ ಮಾಡಿ, ಉತ್ತರ 6,49,383. ಅವನಿಗೆ ಪಾಠ ಹೇಳಿದ ಮೇಷ್ಟ್ರು ಒಂದು ಮಾತು ಹೇಳಿದ್ದರಂತೆ: ಪಾಠ ಎಲ್ಲಾ ಬಾಯಿಮಾತಲ್ಲೇ ನಡೆದಿದ್ದರೆ ಇಡೀ ಸ್ಕೂಲಿಗೆ ಇವನೇ ಜಾಣ ಆಗುತ್ತಿದ್ದ.

ನನಗೆ ಆ ಡಾಕ್ಟರ್‌ಗಿಂತ ಆ ಮೇಷ್ಟ್ರ ಮೇಲೆ ಜಾಸ್ತಿ ಗೌರವ. ಅವರ ಹತ್ತಿರ ಪದ ಇರಲಿಲ್ಲ, ಸರ್ಟಿಫಿಕೇಟ್ ಇರಲಿಲ್ಲ. ಕಣ್ಣು ಬಿಟ್ಟು ನೋಡಿದ್ದರು.

ಈಗ ನಮ್ಮ ಕನ್ನಡಕ್ಕೆ ಬನ್ನಿ. ಇಂಗ್ಲಿಷಿಗೆ 26 ಅಕ್ಷರ. ನಮಗೆ ಕಾಗುಣಿತ ಸೇರಿಸಿದರೆ ನಾಲ್ಕು ನೂರು ದಾಟುತ್ತೆ, ಒತ್ತಕ್ಷರ ಬೇರೆ. ಕನ್ನಡದ ಮಕ್ಕಳು ಓದು ಕಲಿಯುವ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಮ್ಮ ಲಿಪಿ ಒಂದೆರಡು ವರ್ಷದಲ್ಲಿ ಕೈಗೆ ಬರುವಂಥದ್ದಲ್ಲ, ನಾಲ್ಕನೇ ತರಗತಿಗೆ ಬಂದ ಮಕ್ಕಳೂ ಇನ್ನೂ ಅಕ್ಷರ ಕಲಿಯುತ್ತಲೇ ಇರುತ್ತಾರೆ ಅನ್ನುವುದು ಅದರಲ್ಲಿ ಕಾಣುತ್ತೆ. ಎಲ್ಲರೂ ನಿಧಾನಕ್ಕೇ ಕಲಿಯುವ ಕಡೆ, ನಿಜವಾಗಿ ಕಷ್ಟ ಇರುವ ಮಗು ಎದ್ದು ಕಾಣುವುದಿಲ್ಲ. ಸೋಮಾರಿ ಅನ್ನಿಸಿಕೊಂಡು ಮುಂದಿನ ಕ್ಲಾಸಿಗೆ ಹೋಗುತ್ತೆ. ಹಾಗೇ ನಮ್ಮ ತನಕ ಬರುತ್ತೆ.

ವ್ಯಾಲ್ಯುಯೇಷನ್‌ಗೆ ಕೂತಾಗ ಇಂಥ ಉತ್ತರ ಪತ್ರಿಕೆ ನೀವೂ ನೋಡಿರುತ್ತೀರಿ. "ರಾಷ್ಟ್ರಾಧ್ಯಕ್ಷ" ಅನ್ನುವುದು "ರಾಸ್ಟರದಕ್ಷ" ಆಗಿರುತ್ತೆ. ಒತ್ತು ಹಾರಿರುತ್ತೆ, ದೀರ್ಘ ಹಾರಿರುತ್ತೆ, ಒಂದು ಪದ ಒಂದೇ ಪುಟದಲ್ಲಿ ಮೂರು ಥರ ಇರುತ್ತೆ. ಉತ್ತರದ ತಿರುಳು ಮಾತ್ರ ಸರಿ ಇರುತ್ತೆ. ಕೆಂಪು ಪೆನ್ನು ಹಿಡಿದ ನಮಗೆ ತಿರುಳು ಕಾಣುವುದು ಎರಡನೇ ಸಲ ಓದಿದಾಗ. ಒಂದು ದಿನಕ್ಕೆ ಅಷ್ಟು ಕಟ್ಟು ಮುಗಿಸಬೇಕಾದವರು ಎರಡನೇ ಸಲ ಎಲ್ಲಿ ಓದುತ್ತೇವೆ ಹೇಳಿ.

ಸರಿ, ಡಿಸ್ಲೆಕ್ಸಿಯಾ ಇದೆಯಾ ಅಂತ ಪರೀಕ್ಷೆ ಮಾಡಿಸೋಣ ಅಂದರೆ? ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ಡಾಲಿ ಅನ್ನುವ ಸಾಧನ ಮಾಡಿದ್ದಾರೆ. ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಇದೆ. ಒಳ್ಳೆಯ ಕೆಲಸ. ಆದರೆ ಅದು ಒಂದರಿಂದ ಐದನೇ ತರಗತಿ ಮಕ್ಕಳಿಗೆ. ಬೆಂಗಳೂರಿನ ದೊಡ್ಡ ಸ್ಕೂಲಿನಲ್ಲಿ ಓದಿದ ಮಗು ಐದನೇ ಕ್ಲಾಸಿಗೇ ಫೈಲು ಮಾಡಿಸಿಕೊಂಡು ಬಂದಿರುತ್ತೆ. ನಮ್ಮ ಹತ್ತಿರ ಬರುವುದು ಮನೆಯಲ್ಲಿ ಮೊದಲ ಸಲ ಕಾಲೇಜು ಹತ್ತಿದ ಹುಡುಗ. ಅವನ ಕಷ್ಟವನ್ನು ಮೊದಲು ಗಮನಿಸುವ ವಿದ್ಯಾವಂತರು ನಾವೇ ಆಗಿರಬಹುದು. ಹಾಗಂತ ನಾವು ಡಾಕ್ಟರ್ ಆಗೋದು ಬೇಡ. ಸ್ಟಾಫ್ ರೂಮಿನಲ್ಲಿ ಕೂತು "ಅವನಿಗೆ ಆಟಿಸಂ ಇರಬೇಕು ರೀ" ಅಂತ ತೀರ್ಪು ಕೊಡೋದು ಬೇಡ. ನೀನು ಹೀಗೆ ಮಾಡೋದು ನೋಡಿದೆ, ಏನು ಮಾಡಿದರೆ ಸುಲಭ ಆಗುತ್ತೆ ಅಂತ ಒಬ್ಬನೇ ಇದ್ದಾಗ ಕೇಳಿದರೆ ಸಾಕು.

ಒಬ್ಬನೇ ಇದ್ದಾಗ ಅನ್ನುವುದನ್ನು ಒತ್ತಿ ಹೇಳುತ್ತೇನೆ. ನನಗೆ ಗೊತ್ತಿರುವ ಒಂದು ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು, ಒಳ್ಳೆಯ ಮನಸ್ಸಿನಿಂದಲೇ, ಕ್ಲಾಸಿನಲ್ಲಿ ನಿಂತು "ಇವನಿಗೆ ಸ್ವಲ್ಪ ಪ್ರಾಬ್ಲಂ ಇದೆ, ಎಲ್ಲರೂ ಸಹಾಯ ಮಾಡಿ" ಅಂದರು. ಹುಡುಗ ಮಾರನೇ ದಿನದಿಂದ ಬರಲಿಲ್ಲ. ಟಿ.ಸಿ. ತಗೊಳ್ಳೋಕೆ ಅವರಪ್ಪ ಒಬ್ಬರೇ ಬಂದಿದ್ದರು.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಇದನ್ನು ಬರೆದುಕೊಳ್ಳಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು, ಜಾರಿಗೆ ಬಂದದ್ದು ಏಪ್ರಿಲ್ 2017ರಲ್ಲಿ. 1995ರ ಹಳೇ ಕಾಯ್ದೆಯಲ್ಲಿ ಏಳು ಬಗೆ ಇತ್ತು, ಈಗ 21. ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ. 5 ಸೀಟು ಮೀಸಲು, ಅದಕ್ಕೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆ ಅಂತ ಸರ್ಟಿಫಿಕೇಟ್ ಬೇಕು. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಅಂತ 2018ರ ಕೇಂದ್ರದ ಮಾರ್ಗಸೂಚಿ ಹೇಳಿತ್ತು. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ.

ಶೇ. 40 ಇಲ್ಲದಿದ್ದರೆ ಏನೂ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ವಿಕಾಸ್ ಕುಮಾರ್ ಅನ್ನುವ ಎಂಬಿಬಿಎಸ್ ಮುಗಿಸಿದ ಯುವಕನಿಗೆ ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆ. ಸಿವಿಲ್ ಸರ್ವೀಸ್ ಪರೀಕ್ಷೆಗೆ ಬರಹಗಾರ, ಅಂದರೆ ತಾನು ಹೇಳಿದ್ದನ್ನು ಬರೆದುಕೊಡುವವರು, ಬೇಕು ಅಂದರು, ಕೊಡಲಿಲ್ಲ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಬರಹಗಾರನ ಸೌಲಭ್ಯವನ್ನು ಶೇ. 40ರ ಗೆರೆಗೆ ಕಟ್ಟಿಹಾಕುವಂತಿಲ್ಲ ಅಂತ ಹೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ಇನ್ನೊಂದು ತೀರ್ಪು. ಡಿಸ್‌ಗ್ರಾಫಿಯಾ ಇದ್ದ ಅವನಿ ಪ್ರಕಾಶ್ ಅನ್ನುವ ಹುಡುಗಿಗೆ ನೀಟ್ ಪರೀಕ್ಷೆಯಲ್ಲಿ ಸಿಗಬೇಕಿದ್ದ ಒಂದು ಗಂಟೆ ಸಿಗಲಿಲ್ಲ. ಪೀಠದಲ್ಲಿ ನಮ್ಮ ಕೊಡಗಿನ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರೂ ಇದ್ದರು. ಮರುಪರೀಕ್ಷೆಗೆ ಕೋರ್ಟ್ ಒಪ್ಪಲಿಲ್ಲ, ಆಗಿರುವ ಅನ್ಯಾಯ ಸರಿಪಡಿಸಲು ದಾರಿ ಹುಡುಕಿ ಅಂತ ಪರೀಕ್ಷೆ ನಡೆಸಿದವರಿಗೆ ಹೇಳಿತು. ನಮಗೆ ಬೇಕಾದದ್ದು ಅದರ ಜೊತೆ ಹೇಳಿದ ಇನ್ನೊಂದು ಮಾತು: ಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುವವರಿಗೆ ಈ ಬಗ್ಗೆ ಆಗಾಗ ತರಬೇತಿ ಕೊಡಬೇಕು. ಅಂದರೆ ನಮಗೇ.

ಯಾಕೆ ತರಬೇತಿ ಬೇಕು ಅಂತ ಹೇಳುತ್ತೇನೆ. ಹೆಚ್ಚುವರಿ ಸಮಯ ಇರುವ ಹುಡುಗನನ್ನು ಮೂರು ಗಂಟೆ ಆದ ಮೇಲೆ ಹಾಲ್‌ನಿಂದ ಎಬ್ಬಿಸಿ ಸ್ಟಾಫ್ ರೂಮಿಗೆ ಕರೆತಂದರು. ಮೂಲೆಯ ಟೇಬಲ್ ಕೊಟ್ಟರು. ಅದೇ ರೂಮಿನಲ್ಲಿ ಉತ್ತರ ಪತ್ರಿಕೆ ಎಣಿಸುತ್ತಿದ್ದಾರೆ, ಬಂಡಲ್ ಕಟ್ಟುತ್ತಿದ್ದಾರೆ, ಟೀ ಬಂತು, ಬೋಂಡಾ ಬಂತು, ವರ್ಗಾವಣೆ ಕೌನ್ಸೆಲಿಂಗ್ ಬಗ್ಗೆ ಜೋರು ಚರ್ಚೆ. ಐದೈದು ನಿಮಿಷಕ್ಕೆ ಒಬ್ಬರು ಬಂದು "ಆಯ್ತೇನೋ?" ಹುಡುಗ ಒಂದು ಗಂಟೆಯಲ್ಲಿ ಬರೆದದ್ದು ಒಂದೂವರೆ ಪುಟ. ದಾಖಲೆಯಲ್ಲಿ ಹೆಚ್ಚುವರಿ ಸಮಯ ನೀಡಲಾಗಿದೆ ಅಂತ ಇದೆ. ಬೋಂಡಾ ತಿಂದವರಲ್ಲಿ ನಾನೂ ಇದ್ದೆ.

ಬರಹಗಾರರ ಕಥೆ ಇನ್ನೊಂದು ಥರ. ಅಭ್ಯರ್ಥಿಯೇ ಕರೆತರುವುದಾದರೆ ಬರಹಗಾರರ ಓದು ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕಮ್ಮಿ ಇರಬೇಕು ಅನ್ನುವುದು ಅದೇ 2018ರ ಮಾರ್ಗಸೂಚಿಯ ನಿಯಮವಾಗಿತ್ತು. ನಕಲು ಆಗದಿರಲಿ ಅಂತ. ಬಿ.ಕಾಂ. ಹುಡುಗನಿಗೆ ಪಿಯುಸಿ ಆರ್ಟ್ಸ್ ಹುಡುಗಿ ಬಂದು ಕೂತಳು. ಅವನು "ಡಿಬೆಂಚರ್" ಅಂದರೆ ಅವಳು "ಅಣ್ಣಾ, ಸ್ಪೆಲ್ಲಿಂಗ್?" ಅಂತಾಳೆ. ಸ್ಪೆಲ್ಲಿಂಗ್ ಬಾರದ್ದಕ್ಕೇ ತಾನೇ ಅವನು ಅವಳನ್ನು ಕರೆದುಕೊಂಡು ಬಂದಿರೋದು! ಇಬ್ಬರೂ ನಕ್ಕುಬಿಟ್ಟರಂತೆ. ಈಗ ನಾವು ಪರೀಕ್ಷೆಗೆ ಹದಿನೈದು ದಿನ ಮೊದಲೇ ಇಬ್ಬರನ್ನೂ ಕೂರಿಸಿ, ಹಳೇ ಪತ್ರಿಕೆ ಕೊಟ್ಟು ಎರಡು ಸಲ ಅಭ್ಯಾಸ ಮಾಡಿಸುತ್ತೇವೆ. ಬಳಕೆಯ ಪದಗಳು ಅವಳ ಕೈಗೂ ಕೂರುತ್ತವೆ.

ಸರ್ಟಿಫಿಕೇಟ್ ತಗೊಂಡು ಬಾ, ಆಮೇಲೆ ನೋಡೋಣ ಅನ್ನುವುದು ನಮ್ಮ ಬಾಯಿಗೆ ರೂಢಿ ಆಗಿಬಿಟ್ಟಿದೆ. ಸರ್ಟಿಫಿಕೇಟ್ ಅಂದರೆ ಆಸ್ಪತ್ರೆಗೆ ನಾಲ್ಕು ಸಲ ಓಡಾಟ, ಅಪ್ಪನ ನಾಲ್ಕು ದಿನದ ಕೂಲಿ. ಹೆಣ್ಣುಮಕ್ಕಳ ಮನೆಯಲ್ಲಿ ಇನ್ನೊಂದು ಭಯ. ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡು, "ಬೇಡಿ ಮೇಡಂ, ಪೇಪರ್ ಮೇಲೆ ಬಂದರೆ ನಾಳೆ ಸಂಬಂಧ ಬರಲ್ಲ, ತಂಗಿಗೂ ಬರಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಸಮಯ, ಬರಹಗಾರ, ಮೀಸಲು, ಇವಕ್ಕೆ ಕಾಗದ ಬೇಕೇ ಬೇಕು. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರೋಕೆ ಬೇಕಾ? ಬೋರ್ಡಿನ ಫೋಟೋ ತೆಗೆದುಕೊಳ್ಳೋಕೆ? ನೋಟ್ಸ್ ಒಂದು ದಿನ ಮೊದಲು ಕಳಿಸೋಕೆ? ಟಕಟಕ ಅನ್ನುವ ಟ್ಯೂಬ್‌ಲೈಟ್ ಬದಲಾಯಿಸೋಕೆ ಯಾವ ಮೆಡಿಕಲ್ ಬೋರ್ಡ್ ಸಹಿ ಬೇಕು?

ಹುಡುಗಿಯರ ವಿಷಯಕ್ಕೆ ಬಂದೆ, ಅದನ್ನೂ ಹೇಳಿಬಿಡುತ್ತೇನೆ. ಎಡಿಎಚ್‌ಡಿ ಅಂದ ಕೂಡಲೇ ಬೆಂಚು ಹಾರುವ ಹುಡುಗ ಕಣ್ಣ ಮುಂದೆ ಬರುತ್ತಾನೆ. ಕಿಟಕಿ ನೋಡುತ್ತಾ ಕೂತ ಹುಡುಗಿಯನ್ನು "ಪಾಪದವಳು" ಅಂತ ಬಿಟ್ಟುಬಿಡುತ್ತೇವೆ. ನನ್ನ ಒಬ್ಬ ವಿದ್ಯಾರ್ಥಿನಿ, ಇಂಟರ್ನಲ್ಸ್‌ನಲ್ಲಿ ಒಳ್ಳೆಯ ಅಂಕ. ಪರೀಕ್ಷಾ ಶುಲ್ಕ ಕಟ್ಟುವ ಕೊನೇ ದಿನ ಮಾತ್ರ ಪ್ರತಿ ಸಲ ತಪ್ಪಿಸುತ್ತಿದ್ದಳು. ದುಡ್ಡು ಇಲ್ಲದೆ ಅಲ್ಲ. ಬ್ಯಾಗಿನಲ್ಲೇ ಇರುತ್ತಿತ್ತು, ಕವರಿನಲ್ಲಿ, ಮೇಲೆ "ಫೀಸ್" ಅಂತ ಬರೆದು. ದಂಡ ಕಟ್ಟುವುದು, ಆಫೀಸಿನಲ್ಲಿ ಬೈಸಿಕೊಳ್ಳುವುದು, ಅಳುವುದು. ಅಮ್ಮ ಕೊಟ್ಟ ಹೆಸರು "ಬೇಜವಾಬ್ದಾರಿ". ಅವಳು ಅದನ್ನೇ ನಂಬಿದ್ದಳು. ಒಂದು ದಿನ ಆಫೀಸಿನ ಕ್ಲರ್ಕ್‌ಗೇ ಒಂದು ಉಪಾಯ ಹೊಳೆಯಿತು. ನೋಟಿಸ್ ಬೋರ್ಡಿನಲ್ಲಿ ಹಾಕುವುದರ ಜೊತೆಗೆ, ಕೊನೇ ದಿನಕ್ಕೆ ಮೂರು ದಿನ ಮೊದಲು ಒಂದು ಸಲ, ಹಿಂದಿನ ದಿನ ಒಂದು ಸಲ, ಅವತ್ತು ಬೆಳಿಗ್ಗೆ ಒಂದು ಸಲ ಎಲ್ಲಾ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಮೆಸೇಜ್. ಅವಳು ಆ ಸಲ ಸಮಯಕ್ಕೆ ಕಟ್ಟಿದಳು. ಕ್ಲರ್ಕ್ ಹೇಳಿದ್ದು, ಅವಳೊಬ್ಬಳೇ ಅಲ್ಲ, ಕೊನೇ ದಿನ ಕೌಂಟರ್ ಮುಂದೆ ನಡೆಯುತ್ತಿದ್ದ ನೂಕುನುಗ್ಗಲೇ ಕಮ್ಮಿ ಆಯ್ತು ಅಂತ.

ನಾನು ಅದನ್ನೇ ಕದ್ದು ಅಸೈನ್‌ಮೆಂಟಿಗೆ ಹಾಕಿಕೊಂಡೆ. ತಿಂಗಳ ಕೊನೆಗೆ ಹತ್ತು ಪುಟ ಅನ್ನುವ ಬದಲು, ಮೊದಲ ವಾರ ತಲೆಬರಹ ಮತ್ತು ಐದು ಸಾಲು, ಎರಡನೇ ವಾರ ಕರಡು, ಮೂರನೇ ವಾರ ಪೂರ್ತಿ. ನನಗೆ ಕೆಲಸ ಜಾಸ್ತಿ ಆಯ್ತು, ಸುಳ್ಳು ಹೇಳುವುದಿಲ್ಲ. ಒಬ್ಬರದ್ದು ನೋಡಿ ಇನ್ನೊಬ್ಬರು ಇಳಿಸಿಕೊಳ್ಳುವುದು ಮಾತ್ರ ಕಮ್ಮಿ ಆಯ್ತು.

"ಇವರಿಗೆ ಜನರ ಜೊತೆ ಬೆರೆಯೋಕೆ ಬರಲ್ಲ" ಅನ್ನುವ ಮಾತಿದೆಯಲ್ಲ, ಅದರ ಬಗ್ಗೆ ಸ್ವಲ್ಪ. ಡೇಮಿಯನ್ ಮಿಲ್ಟನ್ ಅಂತ ಬ್ರಿಟನ್ನಿನ ಒಬ್ಬ ಸಮಾಜಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವವರು. 2012ರಲ್ಲಿ ಅವರು ಒಂದು ಪ್ರಶ್ನೆ ಎತ್ತಿದರು. ನಾವು ನಿಮ್ಮನ್ನು ಅರ್ಥ ಮಾಡಿಕೊಳ್ಳಲ್ಲ ಅನ್ನುತ್ತೀರಿ, ನೀವು ನಮ್ಮನ್ನು ಎಷ್ಟು ಅರ್ಥ ಮಾಡಿಕೊಂಡಿದ್ದೀರಿ? ಎಡಿನ್‌ಬರೋದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಾವು ಚಿಕ್ಕಂದಿನಲ್ಲಿ ಆಡುತ್ತಿದ್ದ ಕಿವಿಯಿಂದ ಕಿವಿಗೆ ಮಾತು ದಾಟಿಸುವ ಆಟ ಗೊತ್ತಲ್ಲ, ಹೆಚ್ಚುಕಡಿಮೆ ಅದೇ. ಎಂಟೆಂಟು ಜನರ ಸಾಲು. ಕೆಲವು ಸಾಲಿನಲ್ಲಿ ಎಲ್ಲರಿಗೂ ಆಟಿಸಂ, ಕೆಲವು ಸಾಲಿನಲ್ಲಿ ಯಾರಿಗೂ ಇಲ್ಲ, ಕೆಲವು ಮಿಶ್ರ. ಒಂದು ಕಥೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಎಷ್ಟು ಉಳಿಯುತ್ತೆ? ಆಟಿಸಂ ಇರುವವರ ಸಾಲು ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿಸಿತು. ಸೋರಿದ್ದು ಮಿಶ್ರ ಸಾಲಿನಲ್ಲಿ. 2025ರಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಸೇರಿಸಿ ಮತ್ತೆ ಮಾಡಿದಾಗ ಮಿಶ್ರ ಸಾಲಿನಲ್ಲೂ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮೊದಲಿನದ್ದನ್ನು ಜಾಸ್ತಿ ಎಳೆಯಬಾರದು. ಎರಡೂ ಸಲ ಬದಲಾಗದೆ ಉಳಿದದ್ದು ಒಂದು: ಆಟಿಸಂ ಇರುವವರ ಸಾಲು ಹಿಂದೆ ಬೀಳಲಿಲ್ಲ. ನನ್ನ ವೈವಾದಲ್ಲಿ ಮಾತು ಸೋರಿದ್ದು ಯಾರ ಕಡೆಯಿಂದ ಅಂತ ಆಗಲೇ ಹೇಳಿದ್ದೇನೆ.

ಹಾಸ್ಟೆಲ್ ಬಗ್ಗೆ ಒಂದೆರಡೇ ಮಾತು. ಇಲ್ಲಿ ಇಬ್ಬರು ವಾರ್ಡನ್‌ಗಳೂ ಇದ್ದೀರಿ. ಮೆಸ್‌ನಲ್ಲಿ ಇನ್ನೂರು ಸ್ಟೀಲ್ ತಟ್ಟೆ ಒಟ್ಟಿಗೆ ಬಡಿಯುವ ಸದ್ದು ನಮಗೆ ಬರೀ ಸದ್ದು. ಕೆಲವರಿಗೆ ಅದು ಹಲ್ಲಿನ ನರಕ್ಕೆ ಸೂಜಿ ಚುಚ್ಚಿದ ಹಾಗೆ. ಒಬ್ಬ ಹುಡುಗಿ ಎಲ್ಲರೂ ಎದ್ದ ಮೇಲೆ ಊಟಕ್ಕೆ ಹೋಗುತ್ತಿದ್ದಳು. ಅಷ್ಟು ಹೊತ್ತಿಗೆ ಸಾರು ಮುಗಿದಿರುತ್ತಿತ್ತು. ಅನ್ನ ಮಜ್ಜಿಗೆಯಲ್ಲೇ ಒಂದು ಸೆಮಿಸ್ಟರ್ ಕಳೆದಳು. ಸೊಕ್ಕಿನವಳು, ಯಾರ ಜೊತೆಯೂ ಕೂರಲ್ಲ ಅಂತ ಹೆಸರು ಬಂತು. ಕೊನೆಗೆ ಅಡುಗೆಯ ಅಕ್ಕ ಅವಳಿಗೆ ಹತ್ತು ನಿಮಿಷ ಮೊದಲೇ ಬಡಿಸೋಕೆ ಶುರು ಮಾಡಿದರು. ಯಾರ ಅಪ್ಪಣೆಯೂ ಕೇಳಲಿಲ್ಲ.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು, ಹಿಂದಿನ ಸಾಲಿನಲ್ಲಿ ಆಗಲೇ ಗುಸುಗುಸು ನಡೀತಿದೆ. ಇಲ್ಲಿ ಎಲ್ಲಾ ಸುಲಭ ಮಾಡಿಕೊಟ್ಟರೆ ನಾಳೆ ಕೆಲಸದ ಜಾಗದಲ್ಲಿ ಯಾರು ಕೊಡುತ್ತಾರೆ? ಮೊದಲನೆಯದು, ಅದೇ 2016ರ ಕಾಯ್ದೆ ಸರ್ಕಾರಿ ಕೆಲಸದಲ್ಲಿ ಶೇ. 4 ಮೀಸಲು ಇಟ್ಟಿದೆ. ಅದರಲ್ಲಿ ಶೇ. 1 ಆಟಿಸಂ, ಕಲಿಕಾ ನ್ಯೂನತೆ ಇರುವವರೂ ಸೇರಿದ ಗುಂಪಿಗೆ. ಎರಡನೆಯದು, ನಮಗೆ ಯಾರು ಕೊಟ್ಟಿದ್ದಾರೆ ಅಂತ ನೋಡಿಕೊಳ್ಳಿ. ನನ್ನ ಸಹೋದ್ಯೋಗಿಯೊಬ್ಬರು ಅಂಗೈ ಮೇಲೆ ಪೆನ್ನಲ್ಲಿ ಬರೆದುಕೊಳ್ಳದೆ ಒಂದು ಕ್ಲಾಸನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಇನ್ನೊಬ್ಬರಿಗೆ ವ್ಯಾಲ್ಯುಯೇಷನ್‌ನಲ್ಲಿ ಫ್ಯಾನಿನ ಕೆಳಗಿನ ಅದೇ ಕುರ್ಚಿ ಬೇಕು. ಬೇರೆಯವರು ಕೂತರೆ ಅವತ್ತು ಮಕ್ಕಳ ಗತಿ ದೇವರೇ ಬಲ್ಲ. ನಾವು ಹಿರಿಯರಾದ್ದರಿಂದ ಅದಕ್ಕೆ ಸ್ವಭಾವ ಅನ್ನುತ್ತಾರೆ. ಇನ್ನು ಪ್ರಶ್ನೆ ಪತ್ರಿಕೆಯಂತೂ ಎಲ್ಲರಿಗೂ ಒಂದೇ. ಅವನಿಗೆ ಬೇರೆ ಪತ್ರಿಕೆ ಕೊಡಿ, ಮಾರ್ಕ್ಸ್ ದಾನ ಮಾಡಿ ಅಂತ ನಾನು ಹೇಳುತ್ತಿಲ್ಲ. ಮೊದಲು ಹೇಳಿದ ಆ ಟೈಟ್ರೇಷನ್ ಹುಡುಗ ನನ್ನಿಂದ ಕೇಳಿದ್ದು ಇಷ್ಟೇ: ವೈವಾದಲ್ಲಿ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ಕೊಡ್ತೀರಾ ಮೇಡಂ?

ಕೊಟ್ಟೆ. ಆಮೇಲೆ ಎಲ್ಲರಿಗೂ ಕೊಡೋಕೆ ಶುರು ಮಾಡಿದೆ. ಚೀಟಿ ಬರೆಯುವಾಗ ನನ್ನ ಪ್ರಶ್ನೆಗಳು ಎಷ್ಟು ಅಡ್ಡಾದಿಡ್ಡಿ ಅಂತ ನನಗೇ ಗೊತ್ತಾಯಿತು. "ಏನಾದ್ರೂ ಹೇಳು" ಅನ್ನುವುದನ್ನು ಬರೆಯೋಕೆ ಆಗುವುದೇ ಇಲ್ಲ, ನಾಚಿಕೆ ಆಗುತ್ತೆ. ಅದೇ ಹುರುಪಿನಲ್ಲಿ ಲ್ಯಾಬ್‌ಗೆ ಒಂದು ಪುಟದ ಹಾಳೆ ಮಾಡಿದೆ. ಬಂದ ಕೂಡಲೇ ಬ್ಯಾಗ್ ಎಲ್ಲಿ ಇಡಬೇಕು, ಉಪಕರಣ ಯಾರನ್ನು ಕೇಳಬೇಕು, ಗಾಜು ಒಡೆದರೆ ಯಾರಿಗೆ ಹೇಳಬೇಕು, ದಂಡ ಎಷ್ಟು, ರೆಕಾರ್ಡ್‌ಗೆ ಸಹಿ ಯಾವ ವಾರ, ಮಧ್ಯದಲ್ಲಿ ಹೊರಗೆ ಹೋಗಬೇಕಾದರೆ ಕೇಳಬೇಕಾ, ಹಾಗೇ ಹೋಗಬಹುದಾ. ಪ್ರಯೋಗದ ಹಂತಗಳೂ ಇದ್ದವು. ಬಹಳ ಚೆನ್ನಾಗಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡು ಅವನಿಗೆ ಮೊದಲು ತೋರಿಸಿದೆ.

ಪೆನ್ಸಿಲ್ ತಗೊಂಡ. "ತಿಳಿ ಗುಲಾಬಿ ಬಣ್ಣ ಬರುವವರೆಗೆ" ಅನ್ನುವ ಸಾಲಿನ ಕೆಳಗೆ ಗೆರೆ ಎಳೆದ. "ಎಷ್ಟು ತಿಳಿ ಮೇಡಂ?" ಅಂದ. "ಬಣ್ಣ ಸ್ವಲ್ಪ ಹೊತ್ತು ನಿಲ್ಲಬೇಕು" ಅನ್ನುವ ಕಡೆ ಇನ್ನೊಂದು ಗೆರೆ. "ಎಷ್ಟು ಹೊತ್ತು?" ನಾನು 30 ಸೆಕೆಂಡ್ ಅಂತ ತಿದ್ದಿದೆ. ತಿಳಿ ಗುಲಾಬಿಗೆ ಏನು ಬರೆಯೋದು? ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ, ಎಷ್ಟು ತಿಳಿ ಅಂತ ಯಾರೂ ಕೇಳಿರಲಿಲ್ಲ. ಪ್ರತಿ ವರ್ಷ ಅರ್ಧ ಕ್ಲಾಸು ರಾಣಿ ಬಣ್ಣ ಬರುವ ತನಕ ಹಾಕಿ ಕೆಡಿಸುತ್ತಿದ್ದರು, ನಾನು ಬೈಯುತ್ತಿದ್ದೆ. ಅವನೇ ಮಾರನೇ ದಿನ ಮೂರು ಫ್ಲಾಸ್ಕ್ ಸಾಲಾಗಿ ಇಟ್ಟು, ಬಿಳಿ ಹಾಳೆಯ ಮೇಲೆ, ಫೋಟೋ ತೆಗೆದ. ಕೆಳಗೆ ಬರೆದ: ಇನ್ನೂ ಇಲ್ಲ, ಇದೇ, ಜಾಸ್ತಿ ಆಯ್ತು. ಪ್ರಿಂಟ್ ಹಾಕಿಸಿ, ನೀರು ಬಿದ್ದರೂ ಹಾಳಾಗದಿರಲಿ ಅಂತ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದ, ಅವನ ದುಡ್ಡಲ್ಲೇ. ಅವನು ಪಾಸಾಗಿ ಹೋದ. ಫೋಟೋ ಮೂರನೇ ಟೇಬಲ್ ಮೇಲೆ ಅಂಟಿಕೊಂಡಿದೆ. ಮೊನ್ನೆ ಎಕ್ಸ್‌ಟರ್ನಲ್ ಆಗಿ ಬಂದವರೊಬ್ಬರು ಅದರದ್ದೊಂದು ಫೋಟೋ ತೆಗೆದುಕೊಂಡು ಹೋದರು.